ಪಬ್ಬಿನ ಮುಯ್ಯಿ

ಬಟ್ಟೆಯನ್ನು ನೀರಿಗೆ ಹಾಕುವ ಮೊದಲು ಜೇಬು ತಡಕುವುದು ನನಗೆ ಮದುವೆಯಾದಾಗಿನಿಂದ ಅಂಟಿಕೊಂಡ ಚಾಳಿ. ನಮ್ಮ ಯಜಮಾನರ ಜೇಬಿನಲ್ಲಿ ಬಸ್ ಟಿಕೇಟು, ಅಡಿಕೆ ಚೂರು, ಅಪರೂಪಕ್ಕೆ ಮರೆತುಹೋದ ಹತ್ತರ ನೋಟು ಸಿಗುತ್ತಿದ್ದವು. ನೋಟು ಸಿಕ್ಕರೆ ಅದು ಒಗೆದವಳ ಕೂಲಿ ಎಂದು ನಮ್ಮಿಬ್ಬರ ನಡುವೆ ಬಾಯಿಬಿಟ್ಟು ಆಡದ ಒಪ್ಪಂದವಿತ್ತು. 2024ರ ಆಗಸ್ಟ್‌ನಲ್ಲಿ ಮೂರು ತಿಂಗಳ ಮಟ್ಟಿಗೆ ಐರ್ಲೆಂಡಿನ ಡಬ್ಲಿನ್‌ಗೆ, ಮಗಳ ಮನೆಗೆಂದು ಹೋದವಳು ಅಲ್ಲಿಯೂ ಈ ಚಾಳಿ ಬಿಡಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಅವಳ ಜೀನ್ಸ್ ಪ್ಯಾಂಟಿನ ಹಿಂಜೇಬಿನಿಂದ ಮುದುರಿದ ಚೀಟಿಯೊಂದು ಬಂತು. ಬಿಡಿಸಿ ನೋಡಿದೆ. ಪಬ್ಬಿನ ಬಿಲ್ಲು.

ಪೈಂಟ್ ನಾಲ್ಕು, ವೈನ್ ಎರಡು ಗ್ಲಾಸು, ಆರೆಂಜ್ ಒಂದು. ಒಟ್ಟು 45 ಯೂರೋ 70 ಸೆಂಟ್.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ತಲೆ ಸುಮ್ಮನಿರುತ್ತದೆಯೇ? ಆಗ ಯೂರೋಗೆ ತೊಂಬತ್ತೆರಡು ರೂಪಾಯಿಯ ಆಸುಪಾಸು. ನಾಲ್ಕು ಸಾವಿರದ ಇನ್ನೂರ ನಾಲ್ಕು ರೂಪಾಯಿ! ದಾವಣಗೆರೆಯಲ್ಲಿ ನನ್ನ ಒಂದು ತಿಂಗಳ ದಿನಸಿಯೇ ಅದರೊಳಗೆ ಮುಗಿಯುತ್ತದೆ. ಆದರೆ ನಿಜ ಹೇಳಬೇಕೆಂದರೆ ನನ್ನ ಎದೆ ಧಸಕ್ಕೆಂದದ್ದು ಆ ಮೊತ್ತಕ್ಕಲ್ಲ. 'ಪೈಂಟ್ ನಾಲ್ಕು' ಎಂಬ ಸಾಲಿಗೆ. ಕುಡಿತದ ಮಾತು ಬಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಅದಕ್ಕೊಂದು ಕಾರಣವಿದೆ. ಆ ಕಾರಣವನ್ನು ನಾನು ಮಗಳಿಗೂ ಹೇಳಿರಲಿಲ್ಲ.

ಅವಳು ಎದ್ದು ಹಲ್ಲುಜ್ಜಿ ಬರುವಷ್ಟರಲ್ಲಿ ಚೀಟಿಯನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಕೆಳಗೆ ಇಟ್ಟು ಕಾಫಿ ಸೋಸುತ್ತಾ ನಿಂತೆ. ಹೆಣ್ಣುಮಕ್ಕಳ ತಾಯಂದಿರಿಗೆ ಈ ಕಲೆ ಗೊತ್ತಿರುತ್ತದೆ. ಕೇಳಬಾರದು, ಆದರೆ ಕೇಳಿದ ಹಾಗಿರಬೇಕು.

"ಅಮ್ಮಾ, ಇದನ್ನೇನು ಹೀಗೆ ಪ್ರದರ್ಶನಕ್ಕೆ ಇಟ್ಟಿದೀಯ?" ಎಂದು ಅವಳು ನಕ್ಕಳು. "ನಂದು ಆ ಆರೆಂಜ್ ಮಾತ್ರ. ಉಳಿದದ್ದೆಲ್ಲ ಆಫೀಸಿನವರದು. ನಿನ್ನೆ ನನ್ನ ರೌಂಡ್ ಇತ್ತು."

"ರೌಂಡ್ ಅಂದ್ರೆ?"

ಅವಳು ವಿವರಿಸಿದಳು. ಏಳು ಜನ ಒಟ್ಟಿಗೆ ಪಬ್ಬಿಗೆ ಹೋದರೆ ಅಲ್ಲಿ ಯಾರೂ ತಮ್ಮ ತಮ್ಮ ಲೋಟಕ್ಕೆ ತಾವು ದುಡ್ಡು ಕೊಡುವುದಿಲ್ಲ. ಒಬ್ಬರು ಎದ್ದು ಏಳೂ ಜನರಿಗೆ ತರುತ್ತಾರೆ. ಅದು ಒಂದು ರೌಂಡ್. ಮುಗಿಯುತ್ತಿದ್ದ ಹಾಗೆ ಇನ್ನೊಬ್ಬರು ಏಳುತ್ತಾರೆ. ಯಾರೂ ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ತನ್ನ ಸರದಿ ಬಂದಾಗ ಶೌಚಾಲಯಕ್ಕೆ ಎದ್ದುಹೋಗುವವನ ಹೆಸರು ಊರಲ್ಲೆಲ್ಲ ಕೆಡುತ್ತದೆ.

"ಅಯ್ಯೋ, ಇದು ನಮ್ಮ ಮುಯ್ಯಿ ಅಲ್ವೇನೇ!" ಎಂದೆ.

ನಮ್ಮ ಕಡೆಯ ಮದುವೆಮನೆಗಳಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದರು. ಯಾರು ಐದು ಕೊಟ್ಟರು, ಯಾರು ಹನ್ನೊಂದು ಕೊಟ್ಟರು, ಯಾರು ಕುಪ್ಪಸದ ಖಣ ಕೊಟ್ಟರು ಎಂದು ಬರೆದುಕೊಳ್ಳುತ್ತಿದ್ದರು. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಅಷ್ಟನ್ನು, ಮೇಲೊಂದು ರೂಪಾಯಿಯನ್ನು ತಿರುಗಿ ಹಾಕಬೇಕು. ಮುಯ್ಯಿ ತೀರಿಸದ ಮನೆಯನ್ನು ಹೆಂಗಸರು ಎಷ್ಟು ವರ್ಷವಾದರೂ ಬಿಡುವುದಿಲ್ಲ. ಮುಯ್ಯಿಯ ಗುಟ್ಟು ಏನೆಂದರೆ ಅದು ಎಂದಿಗೂ ಪೂರ್ತಿ ತೀರಬಾರದು. ತೀರಿದರೆ ಸಂಬಂಧವೂ ಮುಗಿಯಿತು. ಪಬ್ಬಿನಲ್ಲೂ ಹಾಗೆಯೇ. ಕೊನೆಯ ಲೋಟದ ಲೆಕ್ಕ ಮುಂದಿನ ಶುಕ್ರವಾರಕ್ಕೆ ಉಳಿಯುತ್ತದೆ.

ಆದರೆ ಮುಯ್ಯಿಯಲ್ಲಿ ಒಂದು ತೊಡಕಿದೆ. ಒಂದು ಸಾಕು ಎನ್ನುವವನೂ ಏಳು ಜನರ ಗುಂಪಿನಲ್ಲಿ ಕೂತರೆ ತನ್ನ ಸರದಿ ಮುಗಿಯುವತನಕ ಏಳುವ ಹಾಗಿಲ್ಲ. ನನ್ನ ಮಗಳಂಥವಳು ನಾಲ್ಕು ಯೂರೋದ ಕಿತ್ತಳೆ ಕುಡಿದು ನಲವತ್ತಾರು ಯೂರೋ ತೆರಬೇಕು. ಇದು ಐರಿಷ್ ಜನಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ 'ಒಬ್ಬರಿಗೊಬ್ಬರು ಕುಡಿಸಬಾರದು' ಎಂದೇ ಒಂದು ಸಂಘ ಹುಟ್ಟಿತ್ತಂತೆ. ಬೇಕಾದರೆ ನಿನ್ನದನ್ನು ನೀನು ಕುಡಿ, ಇನ್ನೊಬ್ಬನಿಗೆ ಕೊಡಿಸಬೇಡ, ಕೊಡಿಸಿಕೊಳ್ಳಲೂ ಬೇಡ ಎಂಬ ಪ್ರತಿಜ್ಞೆಯ ಸಂಘ. ಸಂಘ ಹೋಯಿತು, ರೌಂಡ್ ಉಳಿಯಿತು. ನಮ್ಮಲ್ಲಿಯೂ 'ಉಡುಗೊರೆ ತರಬೇಡಿ' ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವಲ್ಲ!

ಆಮೇಲೆ ನನಗೆ ಆ ಬೆಲೆಯ ಲೆಕ್ಕ ಹಿಡಿಯಿತು. ಮೇಷ್ಟ್ರ ಬುದ್ಧಿ. ಪೈಂಟ್ ಎಂದರೆ 568 ಮಿಲಿಲೀಟರ್, ಅರ್ಧ ಲೀಟರಿಗಿಂತ ತುಸು ಹೆಚ್ಚು. ಮಗಳ ಬಡಾವಣೆಯಲ್ಲಿ ಅದಕ್ಕೆ ಆರು ಯೂರೋ ಚಿಲ್ಲರೆ. ಬಾರ್ಲಿಯ ನೀರಿಗೆ ಐನೂರೈವತ್ತು ರೂಪಾಯಿಯೇ? ಮಗಳನ್ನು ಕೂರಿಸಿಕೊಂಡು ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಲೆಕ್ಕ ಹಾಕಿದೆ. ಆರು ಯೂರೋದಲ್ಲಿ ಶೇಕಡಾ 23ರ ವ್ಯಾಟ್ ಸೇರಿರುತ್ತದೆ. ಅದು ಒಂದು ಯೂರೋ ಹನ್ನೆರಡು ಸೆಂಟ್. ಅಬಕಾರಿ ಸುಂಕ ಮದ್ಯಸಾರದ ಪ್ರಮಾಣದ ಮೇಲೆ. ಅವರ ಕಪ್ಪು ಸ್ಟೌಟಿಗೆ ಲೋಟಕ್ಕೆ ಐವತ್ತೈದು ಸೆಂಟ್ ಬೀಳುತ್ತದೆ. ಅಲ್ಲಿಗೆ ಒಂದು ಯೂರೋ ಅರವತ್ತೇಳು ಸೆಂಟ್ ಸರ್ಕಾರಕ್ಕೆ. ಉಳಿದದ್ದರಲ್ಲಿ ಬಟ್ಟಿಯವರ ಪಾಲು, ಅಂಗಡಿ ಬಾಡಿಗೆ, ಆಳುಗಳ ಸಂಬಳ, ವಿಮೆ, ಚಳಿಗೆ ಉರಿಸುವ ಬೆಂಕಿ ಎಲ್ಲ ಬರಬೇಕು. ವೈನಿನ ಮೇಲಂತೂ ಬಾಟಲಿಗೆ ಮೂರು ಯೂರೋ ಹತ್ತೊಂಬತ್ತು ಸೆಂಟ್ ಬರೀ ಸುಂಕ. ಯೂರೋಪ್ ಒಕ್ಕೂಟದಲ್ಲಿ ಮದ್ಯ ತೀರಾ ದುಬಾರಿಯಾದ ದೇಶಗಳ ಪಟ್ಟಿ ಮಾಡಿದರೆ ಫಿನ್‌ಲೆಂಡಿನ ಜೊತೆ ಐರ್ಲೆಂಡ್ ಮುಂದಿನ ಸಾಲಿನಲ್ಲೇ ಕೂರುತ್ತದೆ.

ಅಂಗಡಿಯಿಂದ ಮನೆಗೆ ಕೊಂಡೊಯ್ದರೆ ಇಷ್ಟಾಗುವುದಿಲ್ಲ. ಹಿಂದೆ ಸೂಪರ್ ಮಾರ್ಕೆಟ್ಟುಗಳಲ್ಲಿ ಬಿಯರು ತೀರಾ ಅಗ್ಗವಾಗಿತ್ತಂತೆ. 2022ರ ಜನವರಿ 4ರಿಂದ ಸರ್ಕಾರ ಕನಿಷ್ಠ ಬೆಲೆ ಗೊತ್ತುಮಾಡಿದೆ. ಮದ್ಯಸಾರದ ಒಂದು ಗ್ರಾಮಿಗೆ ಹತ್ತು ಸೆಂಟಿಗಿಂತ ಕಡಿಮೆಗೆ ಮಾರುವಂತಿಲ್ಲ. ಅದರ ಪ್ರಕಾರ ಅರ್ಧ ಲೀಟರಿನ ಬಿಯರ್ ಡಬ್ಬಿಗೆ ಕಡಿಮೆ ಎಂದರೂ ಒಂದು ಯೂರೋ ಎಪ್ಪತ್ತು ಸೆಂಟ್ ಆಗುತ್ತದೆ. ಆದರೂ ಪಬ್ಬಿನ ಒಂದು ಲೋಟದ ದುಡ್ಡಿನಲ್ಲಿ ಮನೆಯಲ್ಲಿ ಮೂರು ಡಬ್ಬಿ.

"ಹಂಗಾದ್ರೆ ಜನ ಪಬ್ಬಿಗೆ ಯಾಕೆ ಹೋಗ್ತಾರೆ?" ಎಂದು ಕೇಳಿದೆ.

"ಒಂದ್ಸಲ ಬಂದು ನೋಡು, ಆಮೇಲೆ ನೀನೇ ಹೇಳು," ಎಂದಳು.

ಅವಳು ಮೊದಲು ಕರೆದುಕೊಂಡು ಹೋದದ್ದು ನದಿ ಪಕ್ಕದ ಟೆಂಪಲ್ ಬಾರ್ ಎಂಬ ಕೇರಿಗೆ. ದೇವಸ್ಥಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರವಾಸಿಗರೆಲ್ಲ ನೋಡಲೇಬೇಕಾದ ಜಾಗ ಎಂದು ಆಫೀಸಿನವರು ಹೇಳಿದ್ದರಂತೆ. ಗುಂಡುಕಲ್ಲಿನ ರಸ್ತೆ, ಕೆಂಪು ಬಣ್ಣ ಬಳಿದ ಗೋಡೆಗಳು, ಕಿಟಕಿಗಳಿಂದ ಇಳಿಬಿದ್ದ ಹೂವಿನ ಕುಂಡಗಳು ನೋಡಲು ಚೆಂದವೇ. ಒಳಗೆ ಹೋದರೆ ಜಾತ್ರೆ. ಮಾತಾಡಿದರೆ ಕಿವಿಗೆ ಬಾಯಿ ಹಚ್ಚಿ ಕಿರುಚಬೇಕು. ನೆಲ ಚಪ್ಪಲಿಗೆ ಅಂಟುತ್ತಿತ್ತು. ಅಲ್ಲಿ ಪೈಂಟಿಗೆ ಹತ್ತು ಯೂರೋ. ಕೂರಲು ಸ್ಟೂಲಿಲ್ಲ, ಲೋಟ ಇಡಲು ಜಾಗವಿಲ್ಲ, ಯಾರೋ ನನ್ನ ಸೀರೆಯ ಮೇಲೆ ಏನನ್ನೋ ಚೆಲ್ಲಿ ಕ್ಷಮೆ ಕೇಳಿ ಹೋದರು. ಸುತ್ತ ನೋಡಿದರೆ ಎಲ್ಲರೂ ನಮ್ಮಂತೆ ಹೊರಗಿನವರು. ಊರಿನವರು ಯಾರೂ ಆ ಕಡೆ ಕುಡಿಯಲು ಹೋಗುವುದಿಲ್ಲವಂತೆ.

ಹೊರಗೆ ಬಂದಾಗ ರಾತ್ರಿ ಹನ್ನೆರಡೂವರೆ. ವಾರದ ದಿನಗಳಲ್ಲಿ ಪಬ್ಬುಗಳು ಹನ್ನೊಂದೂವರೆಗೆ, ಶುಕ್ರವಾರ ಶನಿವಾರ ಹನ್ನೆರಡೂವರೆಗೆ ಮುಚ್ಚುತ್ತವೆ. ಕೈಯಲ್ಲಿರುವುದನ್ನು ಕುಡಿದು ಮುಗಿಸಲು ಮೇಲೆ ಅರ್ಧ ಗಂಟೆ ಬಿಡುತ್ತಾರೆ. ಎರಡೂವರೆಯವರೆಗೆ ತೆರೆದಿರುವ ನೈಟ್‌ಕ್ಲಬ್ಬುಗಳಿಗೆ ನ್ಯಾಯಾಲಯದ ವಿಶೇಷ ಅನುಮತಿ ಬೇಕು. ಅದೂ ಒಂದೊಂದು ರಾತ್ರಿಗೆ ಒಂದೊಂದು. 2022ರವರೆಗೆ ಪ್ರತಿ ರಾತ್ರಿಗೆ 410 ಯೂರೋ ಶುಲ್ಕವಿತ್ತು, ಆಮೇಲೆ ಇಳಿಸಿದರು. ಆ ಖರ್ಚೆಲ್ಲ ಬಾಗಿಲಲ್ಲಿ ಟಿಕೇಟು ಕೊಳ್ಳುವ ಹುಡುಗ ಹುಡುಗಿಯರ ತಲೆಯ ಮೇಲೆ ತಾನೇ? ಮುಚ್ಚುವ ಹೊತ್ತು ಎಲ್ಲ ಕಡೆ ಒಂದೇ ಆದ್ದರಿಂದ ಎಲ್ಲರೂ ಒಮ್ಮೆಲೇ ಬೀದಿಗೆ ಬೀಳುತ್ತಾರೆ. ಟ್ಯಾಕ್ಸಿಗೆ ಉದ್ದನೆಯ ಸಾಲು. ಆ ಚಳಿಯಲ್ಲಿ ತೆಳ್ಳನೆಯ ಫ್ರಾಕು ತೊಟ್ಟು, ಎತ್ತರದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ನಿಂತ ಹುಡುಗಿಯರನ್ನು ಕಂಡು ನನಗೆ ಅಯ್ಯೋ ಎನಿಸಿತು. ಹೊದೆಯಲು ಕೊಡೋಣವೆಂದರೆ ನನ್ನ ಹತ್ತಿರ ಇದ್ದದ್ದು ಒಂದೇ ಶಾಲು. ನಾವು ಟ್ಯಾಕ್ಸಿಗೆ ಕೊಟ್ಟ ದುಡ್ಡು ಒಳಗೆ ಕೊಟ್ಟದ್ದಕ್ಕಿಂತ ಹೆಚ್ಚಾಯಿತು.

"ಇದೇನಾ ನಿಮ್ಮ ಪಬ್ಬು?" ಎಂದೆ.

"ಇದಲ್ಲಮ್ಮ," ಎಂದಳು ಸಣ್ಣ ದನಿಯಲ್ಲಿ.

ಆ ಆಗಸ್ಟ್‌ನಲ್ಲೇ ಅಲ್ಲಿಯ ಹೆಸರಾಂತ ಪತ್ರಕರ್ತೆ ನೆಲ್ ಮೆಕ್ಯಾಫರ್ಟಿ ತೀರಿಕೊಂಡಿದ್ದರು. ರೇಡಿಯೋದಲ್ಲಿ ಆಕೆಯ ಬಗೆಗೆ ಹೇಳುತ್ತಾ ಒಂದು ಹಳೆಯ ಪ್ರಸಂಗವನ್ನು ನೆನೆದರು. 1970ರ ದಶಕದವರೆಗೂ ಐರ್ಲೆಂಡಿನ ಎಷ್ಟೋ ಪಬ್ಬುಗಳಲ್ಲಿ ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಪೂರ್ತಿ ಪೈಂಟ್ ಕೊಡುತ್ತಿರಲಿಲ್ಲ. ಅರ್ಧ ಲೋಟ ಹೆಂಗಸಿಗೆ, ಇಡೀ ಲೋಟ ಗಂಡಸಿಗೆ. ಆಕೆ ಮೂವತ್ತರಷ್ಟು ಹೆಂಗಸರನ್ನು ಕಟ್ಟಿಕೊಂಡು ಡಬ್ಲಿನ್‌ನ ಒಂದು ಪಬ್ಬಿಗೆ ನುಗ್ಗಿ ಎಲ್ಲರಿಗೂ ಬ್ರಾಂದಿ ತರಿಸಿದರಂತೆ. ಅದು ಬಂದ ಮೇಲೆ 'ಇನ್ನೊಂದು ಪೈಂಟ್' ಎಂದರು. ಹೆಂಗಸರಿಗೆ ಪೈಂಟ್ ಇಲ್ಲ ಎಂದ ಅಂಗಡಿಯವ. ನಮ್ಮ ಆರ್ಡರು ಪೂರ್ತಿಯಾಗಲಿಲ್ಲ, ಆದ್ದರಿಂದ ದುಡ್ಡೂ ಇಲ್ಲ ಎಂದು ಬ್ರಾಂದಿ ಕುಡಿದು ಎದ್ದುಬಂದರಂತೆ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ನಾನು ಒಬ್ಬಳೇ ನಕ್ಕೆ. ಹೀಗೆ ನಿರಾಕರಿಸುವುದಕ್ಕೆ ಕಾನೂನಿನ ತಡೆ ಬಂದದ್ದು 2000ದ ಸಮಾನತೆಯ ಕಾಯಿದೆಯಿಂದ. ಮದುವೆಯಾದ ಹೆಂಗಸು ಸರ್ಕಾರಿ ಕೆಲಸ ಬಿಡಬೇಕೆಂಬ ನಿಯಮವೂ ಆ ದೇಶದಲ್ಲಿ 1973ರವರೆಗೆ ಇತ್ತು. ನಾವು ಬಿಳಿಯರ ನಾಡೆಂದರೆ ಏನೇನೋ ಅಂದುಕೊಂಡಿರುತ್ತೇವೆ.

ಅಕ್ಟೋಬರ್ ಕೊನೆಯ ಒಂದು ಭಾನುವಾರ. ಸಂಜೆ ಐದಕ್ಕೇ ಕತ್ತಲು, ಜಿಟಿಜಿಟಿ ಮಳೆ. ಮಗಳು ತನ್ನ ಬಡಾವಣೆಯ ಪಬ್ಬಿಗೆ ಕರೆದಳು. ಬಾಗಿಲ ಹತ್ತಿರ ಬಂದಾಗ ನನ್ನ ಕಾಲು ನಿಂತಿತು. ಟೆಂಪಲ್ ಬಾರಿನಲ್ಲಿ ಜಾತ್ರೆಯ ಗುಂಪು ನನ್ನನ್ನು ತಳ್ಳಿಕೊಂಡು ಹೋಗಿತ್ತು, ಯೋಚಿಸಲು ಬಿಡುವಿರಲಿಲ್ಲ. ಇಲ್ಲಿ ಬಾಗಿಲು ಮುಚ್ಚಿತ್ತು. ಮರದ ಹಳೆಯ ಬಾಗಿಲು, ಹಿತ್ತಾಳೆಯ ಹಿಡಿಕೆ. ನಾನೇ ತಳ್ಳಬೇಕು.

"ಬಾಮ್ಮ," ಎಂದು ಅವಳು ಹಿಂದಿನಿಂದ ಬೆನ್ನ ಮೇಲೆ ಕೈಯಿಟ್ಟಳು. ತಳ್ಳಿದೆ.

ಒಳಗೆ ಮೂಗಿಗೆ ಬಡಿದದ್ದು ನಾನು ಹೆದರಿದ್ದ ವಾಸನೆಯಲ್ಲ. ಬೀಡಿ ಸಿಗರೇಟಿನ ಹೊಗೆ ಇಲ್ಲವೇ ಇಲ್ಲ. 2004ರ ಮಾರ್ಚ್ 29ರಿಂದ ಅಲ್ಲಿ ಪಬ್ಬಿನೊಳಗೆ ಸೇದುವಂತಿಲ್ಲ. ಇಡೀ ದೇಶಕ್ಕೇ ಇಂಥ ಕಾನೂನು ಮಾಡಿದವರಲ್ಲಿ ಅವರೇ ಮೊದಲಿಗರು. ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಒಂದು ಮೂಲೆಯಲ್ಲಿ ಅಜ್ಜ, ಮಗ, ಮೊಮ್ಮಗಳು ಕೂತು ಆಲೂಗಡ್ಡೆ ಸೂಪು ಕುಡಿಯುತ್ತಿದ್ದರು. ಇನ್ನೊಂದು ಮೇಜಿನ ಸುತ್ತ ನಾಲ್ಕೈದು ಜನ ಪಿಟೀಲು, ಕೊಳಲಿನಂಥ ಸಣ್ಣ ಸೀಟಿ, ಆಡಿನ ಚರ್ಮದ ಬೌರಾನ್ ಎಂಬ ತಮಟೆ ಹಿಡಿದು ನುಡಿಸುತ್ತಿದ್ದರು. ವೇದಿಕೆಯಿಲ್ಲ, ಮೈಕಿಲ್ಲ. ಕೇಳುವವರ ಕಡೆ ತಿರುಗಿಯೂ ನೋಡದೆ ತಮ್ಮ ತಮ್ಮಲ್ಲೇ ನುಡಿಸಿಕೊಳ್ಳುತ್ತಿದ್ದರು, ನಮ್ಮ ಭಜನೆಯವರ ಹಾಗೆ. ಅದಕ್ಕೆ ಬೇರೆ ದುಡ್ಡಿಲ್ಲ. ನಮ್ಮ ಅರಳಿಕಟ್ಟೆಗೆ ಸೂರು ಹಾಕಿ, ಗೋಡೆ ಕಟ್ಟಿ, ನಡುವೆ ಬೆಂಕಿ ಹಾಕಿದರೆ ಹೀಗೇ ಆಗುತ್ತಿತ್ತೇನೋ. ವರ್ಷದ ಬಹುಪಾಲು ಮಳೆ ಹುಯ್ಯುವ ಊರಿನಲ್ಲಿ ಕಟ್ಟೆಗೆ ಸೂರು ಬೇಕು. ಆ ಸೂರಿನ ಬಾಡಿಗೆಯನ್ನೇ ಲೋಟದ ಲೆಕ್ಕದಲ್ಲಿ ವಸೂಲು ಮಾಡುತ್ತಾರೆ ಎಂದು ನನಗೆ ಆಗ ಹೊಳೆಯಿತು.

ಮಗಳು ನನಗೆ ಟೀ ತರಿಸಿದಳು. ಹೌದು, ಟೀ! ಸ್ಟೀಲಿನ ಕುಡಿಕೆಯಲ್ಲಿ ಕಡಕ್ ಟೀ, ಪಕ್ಕದಲ್ಲಿ ಹಾಲು. ಮೂರು ಯೂರೋ. ಐರಿಷ್ ಜನ ಚಹಾಪ್ರಿಯರೆಂದು ಆ ಮೂರು ತಿಂಗಳಲ್ಲಿ ನಾನು ಕಂಡುಕೊಂಡೆ. ಜೊತೆಗೆ ಟೇಟೋ ಎಂಬ ಆಲೂಗಡ್ಡೆ ಚಿಪ್ಸಿನ ಪೊಟ್ಟಣ. ಚಿಪ್ಸಿಗೆ ಗಿಣ್ಣು ಈರುಳ್ಳಿಯ ರುಚಿ ಹಚ್ಚಿ 1950ರ ದಶಕದಲ್ಲೇ ಹೆಸರು ಮಾಡಿದ ಕಂಪನಿ ಅದು. ಮಂಡಕ್ಕಿ ಮೆಣಸಿನಕಾಯಿಯ ಊರಿನವಳಿಗೆ ಅದು ಸಪ್ಪೆಯೇ ಅನ್ನಿ.

ಬಾರಿನ ಹಿಂದೆ ನಿಂತ ಹುಡುಗ ಸ್ಟೌಟ್ ಸುರಿಯುವುದನ್ನು ನಾನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದೆ. ಲೋಟವನ್ನು ಓರೆ ಹಿಡಿದು ಮುಕ್ಕಾಲು ತುಂಬಿ ಪಕ್ಕಕ್ಕೆ ಇಟ್ಟುಬಿಟ್ಟ. ಒಳಗೆ ಕಂದು ಮೋಡ ಇಳಿಯುತ್ತಾ ಕಪ್ಪಾಗುತ್ತಾ ಬಂತು. ಗಿರಾಕಿ ದುಡ್ಡು ಕೊಟ್ಟು ಕಾಯುತ್ತಿದ್ದಾನೆ, ಇವನಿಗೆ ಅವಸರವಿಲ್ಲ. ಎರಡು ನಿಮಿಷದ ಮೇಲೆ ಉಳಿದದ್ದನ್ನು ತುಂಬಿದ. ಮೇಲೆ ಬೆಣ್ಣೆಯಂಥ ನೊರೆ. ಲೋಟದಲ್ಲಿ ಒಂದಿಷ್ಟು ಜಿಡ್ಡಿದ್ದರೂ ನೊರೆ ನಿಲ್ಲುವುದಿಲ್ಲವಂತೆ, ಕೊಳವೆ ತೊಳೆಯದಿದ್ದರೆ ರುಚಿ ಕೆಡುವುದಂತೆ. ಅದಕ್ಕೇ ಅಲ್ಲಿಯವರು ಬೆಲೆಗಿಂತ ಹೆಚ್ಚಾಗಿ 'ಯಾವ ಪಬ್ಬಿನಲ್ಲಿ ಚೆನ್ನಾಗಿ ಸುರಿಯುತ್ತಾರೆ' ಎಂದು ವಾದ ಮಾಡುತ್ತಾರೆ. ದಾವಣಗೆರೆಯಲ್ಲಿ ಬೆಣ್ಣೆದೋಸೆಯ ವಾದ ನಡೆಯುವುದಿಲ್ಲವೇ? ಗಿನ್ನೆಸ್ ಎಂಬವನು 1759ರಲ್ಲಿ ಡಬ್ಲಿನ್‌ನಲ್ಲಿ ತನ್ನ ಬಟ್ಟಿಗೆ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ ಒಂಬತ್ತು ಸಾವಿರ ವರ್ಷಕ್ಕೆ ಗುತ್ತಿಗೆ ಹಿಡಿದನಂತೆ! ನಮಗೆಲ್ಲ ಗೊತ್ತಿರುವ ಗಿನ್ನೆಸ್ ದಾಖಲೆಯ ಪುಸ್ತಕವನ್ನು ಹೊರಡಿಸಿದ್ದೂ ಅದೇ ಕಂಪನಿಯವರು, 1955ರಲ್ಲಿ, ಪಬ್ಬುಗಳಲ್ಲಿ ನಡೆಯುವ ವಾದ ತೀರಿಸಲಿಕ್ಕೆಂದು. ಬಹಳ ಕಾಲ ಆ ಕಪ್ಪು ಪಾನೀಯವನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ವಸ್ತು ಬಳಸುತ್ತಿದ್ದರೆಂದೂ ಈಗ ಬಿಟ್ಟಿದ್ದಾರೆಂದೂ ಮಗಳು ಹೇಳಿದಳು. "ಈಗ ಶುದ್ಧ ಸಸ್ಯಾಹಾರ, ಅಮ್ಮ, ಒಂದು ಗುಟುಕು?" ಎಂದು ಕಣ್ಣು ಮಿಟುಕಿಸಿದಳು.

ಶೌಚಾಲಯದ ಕಡೆ ಹೋದರೆ ಎರಡು ಬಾಗಿಲು. ಒಂದರ ಮೇಲೆ 'ಫಿರ್', ಇನ್ನೊಂದರ ಮೇಲೆ 'ಮ್ನಾ'. ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಮೊದಲನೆಯದು ಹೆಂಗಸರದು, ಎರಡನೆಯದು ಗಂಡಸರದು ಎಂದುಕೊಂಡು 'ಫಿರ್' ಬಾಗಿಲಿಗೆ ಕೈ ಹಾಕಿದ್ದೆ. ಹಿಂದಿನಿಂದ ಅಜ್ಜಿಯೊಬ್ಬರು "ಅದಲ್ಲ, ಅದಲ್ಲ" ಎಂದು ತೋಳು ಹಿಡಿದು ಎಳೆದರು. ಐರಿಷ್ ಭಾಷೆಯಲ್ಲಿ ಮ್ನಾ ಎಂದರೆ ಹೆಂಗಸರು. ಇಬ್ಬರೂ ಗೋಡೆಗೆ ಒರಗಿ ನಕ್ಕೆವು. ಅವರ ಕೋಟಿಗೆ ಒಂದು ಸಣ್ಣ ಪಿನ್ನು ಚುಚ್ಚಿತ್ತು, ಯೇಸುವಿನ ಹೃದಯದ ಚಿತ್ರ. ಕೇಳಿದೆ. ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರ ಗುರುತಂತೆ. 1898ರಲ್ಲಿ ಒಬ್ಬ ಪಾದ್ರಿ, ನಾಲ್ವರು ಹೆಂಗಸರು ಸೇರಿ ಡಬ್ಲಿನ್‌ನಲ್ಲಿ ಕಟ್ಟಿದ ಸಂಘ. ಅದಕ್ಕೂ ಅರವತ್ತು ವರ್ಷ ಮೊದಲು, 1838ರಲ್ಲಿ, ಫಾದರ್ ಮ್ಯಾಥ್ಯೂ ಎಂಬ ಸನ್ಯಾಸಿ ಕಾರ್ಕ್ ಊರಿನಲ್ಲಿ ಪಾನನಿರೋಧದ ಪ್ರತಿಜ್ಞೆ ಶುರುಮಾಡಿ ಲಕ್ಷ ಲಕ್ಷ ಜನರ ಕೈಯಲ್ಲಿ ಲೋಟ ಇಳಿಸಿಸಿದ್ದರು. ಡಬ್ಲಿನ್‌ನ ದೊಡ್ಡ ಬೀದಿಯಲ್ಲಿ ಅವರ ಪ್ರತಿಮೆಯಿದೆ. ಕೆತ್ತಿದವಳು ಮೇರಿ ರೆಡ್ಮಂಡ್ ಎಂಬ ಹೆಣ್ಣುಮಗಳು.

"ಕುಡಿಯದಿದ್ದವರು ಪಬ್ಬಿಗೆ ಯಾಕೆ ಬರ್ತೀರಿ?" ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ.

"ಮನೆಯಲ್ಲಿ ನನ್ನ ಹತ್ತಿರ ಮಾತಾಡುವವರು ಯಾರಿದ್ದಾರೆ?" ಎಂದರು ಆಕೆ. "ಮೊದಲು ಅಪ್ಪ ಇಲ್ಲಿ ಕೂರುತ್ತಿದ್ದ, ಆಮೇಲೆ ಗಂಡ ಕೂರುತ್ತಿದ್ದ. ಈಗ ನಾನು ಕೂತಿದ್ದೇನೆ. ಟೀ ಕುಡಿಯುತ್ತೇನೆ."

ಆಕೆಯೇ ನಮ್ಮನ್ನು ಒಂದು ಗೂಡಿನೊಳಗೆ ಕೂರಿಸಿದರು. ಸ್ನಗ್ ಎನ್ನುತ್ತಾರೆ. ಬಾರಿನ ಪಕ್ಕದಲ್ಲೇ ಮರದ ಹಲಗೆ, ಮಬ್ಬುಗಾಜಿನಿಂದ ಮರೆ ಮಾಡಿದ ನಾಲ್ಕು ಜನ ಕೂರುವ ಕೋಣೆ. ಬಾರಿನವನ ಕಡೆಗೆ ಒಂದು ಸಣ್ಣ ಕಿಂಡಿ. ಹಿಂದೆ ಕುಡಿಯಬೇಕೆನಿಸಿದ ಹೆಂಗಸರು ಗಂಡಸರ ಕಣ್ಣಿಗೆ ಬೀಳದಂತೆ ಇಲ್ಲಿ ಕೂತು ಕಿಂಡಿಯಲ್ಲಿ ಕೈ ಚಾಚುತ್ತಿದ್ದರು. ನಮ್ಮ ಹಳೆಯ ಮನೆಗಳ ನಡುಮನೆಯ ಕಿಟಕಿ ನೆನಪಾಯಿತು. ಹೆಂಗಸರು ಅಲ್ಲಿ ನಿಂತೇ ಜಗಲಿಯ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದುದು.

ಮಗಳು ತನಗೆ ಅರ್ಧ ಪೈಂಟ್ ಬಿಯರು ತಂದುಕೊಂಡಳು. ಮೇಜಿನ ಮೇಲೆ ಇಟ್ಟು ಮುಟ್ಟದೆ ಕೂತಳು.

"ಅಮ್ಮಾ, ಆವತ್ತು ಆರೆಂಜ್ ಮಾತ್ರ ಅಂದೆನಲ್ಲ. ಆವತ್ತು ನಿಜ. ಆದ್ರೆ ಪ್ರತಿ ಸಲ ಅಲ್ಲ. ಒಂದು ಗ್ಲಾಸು ತಗೋತೀನಿ, ಕೆಲವು ಸಲ ಎರಡು. ಮೊದಲ ವರ್ಷ ಇಲ್ಲಿ ಯಾರೂ ಇರಲಿಲ್ಲ. ಶುಕ್ರವಾರ ಸಂಜೆ ಎಲ್ರೂ ಇಲ್ಲಿಗೆ ಬರೋರು. ನಾನು ರೂಮಿಗೆ ಹೋಗಿ ಗೋಡೆ ನೋಡ್ತಾ ಕೂರ್ತಿದ್ದೆ. ನಿನಗೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಒಂದು ನಿಜವನ್ನು ತಂದು ನನ್ನ ಮುಂದೆ ಇಟ್ಟಿದ್ದಳು. ಮುಯ್ಯಿ ತಿರುಗಿ ಹಾಕುವ ಸರದಿ ನನ್ನದು.

"ನಿಮ್ಮ ತಾತ ಕಾಮಾಲೆ ಆಗಿ ಹೋದರು ಅಂತ ಹೇಳಿದೀನಲ್ಲ," ಎಂದೆ. "ಕಾಮಾಲೆ ಹೌದು. ಆದ್ರೆ ಅದು ಸಾರಾಯಿಯಿಂದ ಬಂದದ್ದು."

ನನ್ನ ಅಪ್ಪ ಬಟ್ಟೆ ಮಿಲ್ಲಿನಲ್ಲಿ ಗುಮಾಸ್ತ. ಬಹಳ ಸಂಭಾವಿತ. ಎಲ್ಲರಿಗೂ ಅರ್ಜಿ ಬರೆದುಕೊಡುತ್ತಿದ್ದ. ಬಟವಾಡೆಯ ದಿನ ಸಂಜೆ ಅವ್ವ ನನ್ನನ್ನು ಸಾರಾಯಿ ಅಂಗಡಿಗೆ ಕಳಿಸುತ್ತಿದ್ದಳು. ಸಂಬಳ ಪೂರ್ತಿ ಕರಗುವ ಮುಂಚೆ ಮಗಳ ಮುಖ ನೋಡಿಯಾದರೂ ಎದ್ದು ಬಂದಾನು ಎಂದು. ನನಗೆ ಆಗ ಹತ್ತು ವರ್ಷ. ಅಂಗಡಿಗೆ ಇದ್ದದ್ದು ನೀಲಿ ಬಣ್ಣದ ಅರ್ಧ ಬಾಗಿಲು. ಅದರ ಕೆಳಗೆ ಒಳಗಿನವರ ಕಾಲುಗಳಷ್ಟೇ ಕಾಣುತ್ತಿದ್ದವು. ನಾನು ಬಗ್ಗಿ ನೋಡಿ ಚಪ್ಪಲಿಯಲ್ಲಿ ಅಪ್ಪನನ್ನು ಹುಡುಕುತ್ತಿದ್ದೆ. ಎಡಗಾಲಿನ ಅಂಗುಷ್ಠದ ಹತ್ತಿರ ಬಿಳಿ ದಾರದಲ್ಲಿ ಹೊಲಿದ ಚಪ್ಪಲಿ. ಕೂಗಲು ನಾಚಿಕೆ, ಒಳಗೆ ಹೋಗಲು ಹೆದರಿಕೆ. ಬಾಗಿಲ ಹೊರಗೆ ಒಂದು ಗಂಟೆ, ಎರಡು ಗಂಟೆ ನಿಲ್ಲುತ್ತಿದ್ದೆ. ಅಪ್ಪ ಹೊರಗೆ ಬಂದಾಗ ನನ್ನನ್ನು ಕಂಡು ಅಳುತ್ತಿದ್ದ. ದಾರಿಯಲ್ಲಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಕೊಡಿಸುತ್ತಿದ್ದ. ಇಂದಿಗೂ ನಾನು ದಾವಣಗೆರೆಯಲ್ಲಿದ್ದುಕೊಂಡು ಮೆಣಸಿನಕಾಯಿ ತಿನ್ನುವುದಿಲ್ಲ. ಹೊಟ್ಟೆಗೆ ಆಗುವುದಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದೇನೆ. 1981ರಲ್ಲಿ ಅಪ್ಪ ಹೋದ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಆವತ್ತು ಪೇಪರು ಓದಿ ಅವ್ವ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ದೀಪ ಹಚ್ಚಿದಳು.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಟೀ ಆರಿತ್ತು. ಮಗಳ ಬಿಯರಿನ ನೊರೆ ಇಳಿದಿತ್ತು. ಅವಳು ನನ್ನ ಕೈ ಹಿಡಿದು ಕೂತಿದ್ದಳು. ಹಲಗೆಯ ಆಚೆ ಪಿಟೀಲಿನವರು ಹೊಸದೊಂದು ಧಾಟಿ ಹಿಡಿದಿದ್ದರು. ನಾನು ಅಭ್ಯಾಸಬಲದಿಂದ ಮೇಜಿನ ಕೆಳಗೆ ನೋಡಿದೆ. ಮಗಳ ಬೂಟು, ನನ್ನ ಚಪ್ಪಲಿ, ಎರಡೂ ಒಳಗಡೆ ಇದ್ದವು.

"ಮನೆಯಲ್ಲಿ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದಳು.

ಮನೆಯಲ್ಲಿ ಎಲ್ಲಿ ಹೇಳುವುದು? ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತದೆ, ಹಾಲಿನಲ್ಲಿ ಟಿ.ವಿ. ಹೆಂಗಸರು ಯಾವ ಕೆಲಸವೂ ಇಲ್ಲದೆ ಎದುರುಬದುರು ಕೂರುವ ಒಂದು ಜಾಗ ನಮ್ಮ ಊರಿನಲ್ಲಿ ಇದೆಯೇ ಎಂದು ಯೋಚಿಸಿದೆ. ದೇವಸ್ಥಾನವಿದೆ, ಆದರೆ ಅಲ್ಲಿ ಮುತ್ತೈದೆ ಭಾಗ್ಯದ ಮಾತಾಡಬೇಕು. ಹೊಳೆದಂಡೆ ಹೋಯಿತು, ನಲ್ಲಿಕಟ್ಟೆ ಹೋಯಿತು.

ಐರ್ಲೆಂಡಿನಲ್ಲಿಯೂ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಪಿನ್ನು ಚುಚ್ಚಿಕೊಂಡ ಆ ಅಜ್ಜಿ ಚಿಕ್ಕಂದಿನಲ್ಲಿ ಎಷ್ಟು ಬಾಗಿಲ ಹೊರಗೆ ನಿಂತಿದ್ದರೋ, ನಾನು ಕೇಳಲಿಲ್ಲ. ಕುಡಿತ ಅಲ್ಲಿ ಕಡಿಮೆಯಾಗುತ್ತಿರುವುದು ನಿಜ. 2001ರ ಸುಮಾರಿಗೆ ವಯಸ್ಕರ ತಲೆಗೆ ವರ್ಷಕ್ಕೆ ಹದಿನಾಲ್ಕು ಲೀಟರ್ ಶುದ್ಧ ಮದ್ಯಸಾರವಿದ್ದದ್ದು ಈಗ ಹತ್ತರ ಒಳಗೆ ಇಳಿದಿದೆ. 2005ರಿಂದೀಚೆಗೆ ಎರಡು ಸಾವಿರಕ್ಕೂ ಹೆಚ್ಚು ಪಬ್ಬುಗಳು ಬಾಗಿಲು ಹಾಕಿವೆ, ಹೆಚ್ಚಿನವು ಹಳ್ಳಿಗಳವು. ಒಂದು ಕಡೆ ಸಂತೋಷ. ಇನ್ನೊಂದು ಕಡೆ, ಬಾಗಿಲು ಮುಚ್ಚಿದ ಊರಿನಲ್ಲಿ ಆ ಅಜ್ಜಿಯಂಥವರು ಟೀ ಕುಡಿಯಲು ಎಲ್ಲಿ ಹೋಗುತ್ತಾರೆ? ಮೂರು ಡಬ್ಬಿ ಕೊಂಡು ಮನೆಯಲ್ಲಿ ಒಬ್ಬನೇ ಕುಡಿಯುವ ಗಂಡಸಿಗೆ ಸಾಕು ಎನ್ನುವವರು ಯಾರು? ಅಗ್ಗದ್ದು ಯಾವುದು, ದುಬಾರಿ ಯಾವುದು ಎಂಬ ಲೆಕ್ಕವನ್ನು ಕ್ಯಾಲೆಂಡರಿನ ಹಿಂಭಾಗದಲ್ಲಿ ಮಾಡಿ ಮುಗಿಸಲು ಆಗುವುದಿಲ್ಲ. ಅಪ್ಪನ ಸಾರಾಯಿ ಲೋಟಕ್ಕೆ ಚಿಲ್ಲರೆ ಕಾಸು. ಅದರ ಬೆಲೆ ತೆತ್ತದ್ದು ಅವ್ವ.

ಮಗಳಿಗೆ ನಾನು ಉಪದೇಶ ಮಾಡಲಿಲ್ಲ. "ನಿನ್ನ ಮೈಯಲ್ಲಿ ತಾತನ ರಕ್ತವೂ ಇದೆ, ಅಷ್ಟು ನೆನಪಿಟ್ಟುಕೋ," ಎಂದೆ. ಅವಳು ತಲೆಯಾಡಿಸಿದಳು. ಅರ್ಧ ಪೈಂಟಿನಲ್ಲಿ ಅರ್ಧ ಹಾಗೆಯೇ ಉಳಿಯಿತು. ಅದು ನನಗಾಗಿ ಬಿಟ್ಟದ್ದೋ, ಬೇಡವೆನಿಸಿ ಬಿಟ್ಟದ್ದೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಬಿಲ್ಲು ಕೊಡಲು ಅವಳು ಎದ್ದಾಗ ನಾನು ತಡೆದೆ. "ಈ ರೌಂಡ್ ನಂದು," ಎಂದೆ. ಪಿಂಚಣಿಯ ದುಡ್ಡನ್ನು ಯೂರೋ ಮಾಡಿಸಿಕೊಂಡು ಬಂದಿದ್ದೆನಲ್ಲ, ಬ್ಲೌಸಿನಲ್ಲಿಟ್ಟಿದ್ದ ಪುಟ್ಟ ಪರ್ಸು ತೆಗೆದೆ. ನನ್ನ ಟೀ, ಆ ಅಜ್ಜಿಯ ಟೀ, ಚಿಪ್ಸು, ಅರ್ಧ ಬಿಯರು ಎಲ್ಲ ಸೇರಿ ಹನ್ನೊಂದು ಯೂರೋ ಎಪ್ಪತ್ತು ಸೆಂಟ್. ಕಿಂಡಿಯಲ್ಲಿ ಕೈ ಚಾಚಿ ನಾನೇ ಕೊಟ್ಟೆ. ರೂಪಾಯಿಗೆ ಬದಲಿಸಿ ನೋಡಲಿಲ್ಲ.

ಅಜ್ಜಿ ಮೇಜಿನಿಂದ ಕೂಗಿ ಹೇಳಿದರು, ಮುಂದಿನ ಭಾನುವಾರ ತಮ್ಮ ಸರದಿ ಎಂದು. ಮುಂದಿನ ಭಾನುವಾರ ನಾನು ವಿಮಾನದಲ್ಲಿದ್ದೆ. ಆ ಒಂದು ಟೀ ಇನ್ನೂ ಬಾಕಿಯಿದೆ. ಇರಲಿ, ಮುಯ್ಯಿ ಪೂರ್ತಿ ತೀರಬಾರದು.